ಹಳೇ ರಸ್ತೆಯ ಮೇಲೆ ನಿಂತ ದೋಣಿ

ದೋಣಿಯ ಡ್ರೈವ್ ಸೇಲಂನಲ್ಲಿ ರಿಪೇರಿಯಾಗಿ ವಾಪಸು ಬಂದಾಗ ಅದನ್ನು ಇಳಿಸಿದ್ದು ನಮ್ಮ ಅಡುಗೆಮನೆಯ ಹಿಂದಿನ ಜಗಲಿಯ ಮೇಲೆ, ನಾನು ಹಪ್ಪಳ ಒಣಹಾಕುವ ಚಾಪೆ ಹಾಸಿ. ಗೋಣಿಚೀಲ ಬಿಚ್ಚಿದರೆ ಮೊದಲು ಕಂಡದ್ದು ಪ್ರೊಪೆಲ್ಲರಿನ ಮೂರು ರೆಕ್ಕೆ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಆದರೂ ಒಂದು ರೆಕ್ಕೆಯ ಅಂಚಿನಲ್ಲಿ ಹಳೇ ಪೆಟ್ಟಿನ ತಗ್ಗು ಬಣ್ಣದ ಅಡಿಯಿಂದ ಕಾಣುತ್ತಿತ್ತು, ಅತ್ತ ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗೆ. ನನ್ನ ಗಂಡ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೇಲಿಂದ ಕೆಳಗೆ ಕೈಯಾಡಿಸಿದರು, ಹೊಸದಾಗಿ ಕೊಂಡು ತಂದ ಹಸುವಿನ ಮೈ ಸವರುವ ಹಾಗೆ. ಆಮೇಲೆ ನನ್ನ ಕಡೆ ತಿರುಗದೆಯೇ, "ಇನ್ನು ದೊಡ್ಡಪಾಪನ್ನ ಕರ್ಕೊಂಡು ಬರ್ಬೋದು" ಅಂದರು.

ದೊಡ್ಡಪಾಪ ಅಂದರೆ ನನ್ನ ಅಕ್ಕ. ನಾನು ಚಿನ್ನಪಾಪ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ತಮಿಳುನಾಡಿನ ಪೆನ್ನಾಗರಂ ಸೀಮೆಯ ಈ ತವರುಮನೆಗೆ ಬಂದಳು. ಆಗ ಅವ್ವನ ಕೊನೇ ತಮ್ಮ ಇನ್ನೂ ಮೀಸೆ ಮೂಡದವರು. ಅಕ್ಕನನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರು ತೋರಿಸಲು ಹೋಗುತ್ತಿದ್ದರಂತೆ. ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು ವಾಡಿಕೆ. ಅಕ್ಕನನ್ನು ಆಚೆ ದಡದ ಕುರಿ ಸಾಕುವ ಮನೆಯವರು ಮೊದಲೇ ಕೇಳಿಕೊಂಡು ಬಂದರು, ನನ್ನನ್ನು ಮಾವನಿಗೆ ಕಟ್ಟಿದರು. ಹಾಗಾಗಿ ನಮ್ಮಿಬ್ಬರಿಗೂ ಅವರು ಮಾವನೇ. "ನಾನು ಬಿಟ್ಟುಕೊಟ್ಟಿದ್ದಕ್ಕೆ ನಿನಗೆ ಸಿಕ್ತು" ಅಂತ ಅಕ್ಕ ಎಲ್ಲರೆದುರೂ ನನ್ನನ್ನು ರೇಗಿಸುತ್ತಿದ್ದಳು.

ನನ್ನನ್ನು ಸೇಲಂನ ಕಾನ್ವೆಂಟಿನ ಹಾಸ್ಟೆಲಿಗೆ ಹಾಕಿದ್ದರು. ಅಕ್ಕ ಓದಲಿಲ್ಲ. ಅಲ್ಲಿ ಮಂಗಳೂರು ಕಡೆಯ ಒಬ್ಬ ಮದರ್ ಸಂಜೆ ಪ್ರಾರ್ಥನೆಯಾದ ಮೇಲೆ ನನಗೆ ಕನ್ನಡ ಅಕ್ಷರ ತಿದ್ದಿಸಿದರು. ಮನೆಯಲ್ಲಿ ಆಡುವ ಮಾತಿಗೂ ಅಕ್ಷರ ಇದೆ ಅಂತ ನನಗೆ ಗೊತ್ತಾದದ್ದೇ ಆಗ. ರಜೆಗೆ ಬಂದಾಗ ಅಕ್ಕನಿಗೆ ಅದನ್ನು ಕಲಿಸಲು ಹೋದೆ. ಅವಳು ನೆಲದ ಮೇಲೆ ಇದ್ದಲಲ್ಲಿ ಒಂದು 'ಅ' ಬರೆದು, ಇದು ಬೆಕ್ಕು ಮಲಗಿದ ಹಾಗೆ ಐತೆ, ಇಷ್ಟು ಸಾಕು ಬಿಡು ಅಂದಳು.

ನಮ್ಮ ಮನೆ ಇರುವುದು ಮೇಟೂರು ಅಣೆಕಟ್ಟಿನ ಹಿನ್ನೀರಿನ ಧರ್ಮಪುರಿ ಜಿಲ್ಲೆಯ ದಡದಲ್ಲಿ. ಅಕ್ಕನ ಮನೆ ಎದುರು ದಡದಲ್ಲಿ, ಸೇಲಂ ಜಿಲ್ಲೆಗೆ ಸೇರಿದ ಗುಡ್ಡದ ಬುಡದಲ್ಲಿ. ರಸ್ತೆಯಲ್ಲಿ ಹೋದರೆ ಅಣೆಕಟ್ಟನ್ನು ಸುತ್ತಿಕೊಂಡು ಅರ್ಧ ದಿನ. ನೀರಿನ ಮೇಲೆ ಹೋದರೆ, ಒಲೆಯ ಮೇಲೆ ಅನ್ನಕ್ಕಿಟ್ಟು ಹೊರಟರೆ ಅನ್ನ ಬೇಯುವಷ್ಟರಲ್ಲಿ ಆಚೆ. ಮಾವ ಹಳೇ ಬೋಟೊಂದನ್ನು ಕೊಂಡುಕೊಂಡು ಎರಡು ದಡದ ಜನರನ್ನು ದಾಟಿಸುತ್ತಿದ್ದರು. ಇಲ್ಲಿನವರಿಗೆಲ್ಲ ಹರಿಗೋಲು ಗೊತ್ತು. ಕೆಲಸ ಮುಗಿದ ಮೇಲೆ ಕೊಡೆಯ ಹಾಗೆ ತಲೆಯ ಮೇಲೆ ಕವುಚಿಕೊಂಡು ಮನೆಗೆ ಹೋಗಬಹುದು. ಈ ಬೋಟಿನ ವಿಷಯ ಹಾಗಲ್ಲ. ಅದರ ಇಂಜಿನ್ ಒಳಗೆ ಕೂತಿರುತ್ತದೆ. ಹಿಂಭಾಗದ ಹಲಗೆಯಾಚೆ ನೀರಿನೊಳಕ್ಕೆ ಇಳಿಬಿದ್ದಿರುವುದು ಈ ಡ್ರೈವ್. ಗೇರು, ಪ್ರೊಪೆಲ್ಲರ್ ಎಲ್ಲ ಅದರಲ್ಲೇ. ಬೋಟನ್ನು ತಳ್ಳುವುದೂ ಅದೇ, ತಿರುಗಿಸುವುದೂ ಅದೇ. ನಮ್ಮ ದಡದ ಜನ ಅದನ್ನು ಬಾಲ ಅನ್ನುತ್ತಾರೆ.

ಅಕ್ಕನಿಗೆ ಬಂದದ್ದು ಕ್ಯಾನ್ಸರ್, ಅದು ಬೆನ್ನುಮೂಳೆಗೆ ಇಳಿದಿತ್ತು. ಸೇಲಂನ ಡಾಕ್ಟರು ಮಾಡುವುದೆಲ್ಲ ಮಾಡಿ, ಇನ್ನು ಮನೆಯಲ್ಲಿ ನೋವಿಲ್ಲದ ಹಾಗೆ ನೋಡಿಕೊಳ್ಳಿ ಅಂತ ಕಳಿಸಿದ್ದರು. ಆವತ್ತು ಆಂಬುಲೆನ್ಸಿನಲ್ಲಿ ಅವಳ ಜೊತೆ ನಾನೂ ಇದ್ದೆ. ಗುಡ್ಡದ ರಸ್ತೆಯಲ್ಲಿ ಪ್ರತಿ ಉಬ್ಬಿಗೂ ಅವಳು ನನ್ನ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಮನೆ ತಲುಪಿದಾಗ ಸೆರಗಿನ ಆ ಮೂಲೆ ಹಲ್ಲಿಗೆ ಸಿಕ್ಕಿ ಜಾಲರಿಯಾಗಿತ್ತು. ಇನ್ನು ಯಾವ ವಂಡಿಯನ್ನೂ ಹತ್ತೋದಿಲ್ಲ ಅಂದಳು. ಸ್ವಲ್ಪ ದಿನ ಕಳೆದ ಮೇಲೆ ಫೋನಿನಲ್ಲಿ, ಅವ್ವ ಮಲಗುತ್ತಿದ್ದ ಜಾಗದಲ್ಲಿ, ಒಲೆಯ ಹಿಂದಿನ ಗೋಡೆಗೆ ಒರಗಿ ತಾನೂ ಮಲಗಬೇಕು, ಅಲ್ಲೇ ಮುಗಿಯಬೇಕು ಅಂದಳು. ಗಂಡ ಬದುಕಿರುವಾಗ ಹೆಂಡತಿ ಸಾಯುವುದಕ್ಕೆ ತವರಿಗೆ ಹೋದರೆ ಗಂಡನ ಮನೆಗೆ ಅದು ತಲೆತಗ್ಗಿಸುವ ಮಾತು. ಬಾವ ಒಂದು ದಿನ ಪೂರ್ತಿ ಕುರಿಗಳ ಹಿಂದೆ ತಿರುಗಿ, ಸಂಜೆ ಬಂದು ಮಾವನಿಗೆ ಫೋನ್ ಮಾಡಿ, ಬೋಟು ತಗೊಂಡು ಬನ್ನಿ ಅಂದರು. ಅಷ್ಟು ಹೇಳುವುದಕ್ಕೆ ಆ ಮನುಷ್ಯನಿಗೆ ಎಷ್ಟು ಕಷ್ಟವಾಗಿರಬೇಕು ಅಂತ ನಾನು ಈಗಲೂ ಯೋಚಿಸುತ್ತೇನೆ.

ಮಾವ ಸೀಟುಗಳ ಮೇಲೆ ಅಡ್ಡ ಹಲಗೆ ಹೊಡೆದು ಮಂಚದಷ್ಟು ಅಗಲದ ಜಾಗ ಮಾಡಿದರು. ನಾನು ಹತ್ತಿಯ ಹಾಸಿಗೆ ಒಂದನ್ನು ಹೊಲಿದು ಅಂಚಿಗೆ ಕಟ್ಟುದಾರ ಇಟ್ಟೆ, ಬೋಟು ಓಲಾಡಿದರೂ ಜಾರದ ಹಾಗೆ. ಕರೆತರಲು ಹೊರಟ ದಿನ ನೀರು ಆಗಲೇ ಇಳಿಯುತ್ತಿತ್ತು. ಅರ್ಧ ದಾರಿ ಕೂಡ ಆಗಿರಲಿಲ್ಲ. ನೀರಿನಡಿ ಮುಳುಗಿದ್ದ ಯಾವುದೋ ಕಾಲದ ಬಾವಿಕಟ್ಟೆಗೆ ಡ್ರೈವ್ ಬಡಿದು ಒಳಗಿನ ಗೇರು ಒಡೆಯಿತು. ಹರಿಗೋಲಿಗೆ ಹಗ್ಗ ಕಟ್ಟಿ ಬೋಟನ್ನು ಈಚೆ ದಡಕ್ಕೆ ಎಳೆದು ತಂದರು. ಆಚೆ ದಡದಲ್ಲಿ ಅಕ್ಕನನ್ನು ಹೊರಗೆ ತಂದು ನೀರಿಗಿಳಿಯುವ ಮೆಟ್ಟಿಲ ಮೇಲೆ ಮಲಗಿಸಿಯಾಗಿತ್ತು. ಬಾವ ಅವಳನ್ನು ಮತ್ತೆ ಒಳಗೆ ಎತ್ತಿಕೊಂಡು ಹೋದರು.

ಹರಿಗೋಲಿನಲ್ಲೇ ತರಬಾರದೇ ಅಂತ ಕೇಳಿದವರಿದ್ದರು. ಬಾವ ಅದನ್ನೂ ನೋಡಿದ್ದರು. ಹರಿಗೋಲಿನಲ್ಲಿ ಕಾಲು ಮಡಚಿ ಕೂರಬೇಕು, ಅದು ಸುತ್ತು ಹೊಡೆಯುತ್ತದೆ. ಅಕ್ಕನನ್ನು ಕೂರಿಸಿದ ತಕ್ಷಣ ಎತ್ತಬೇಕಾಯಿತು. ಉದ್ದಕ್ಕೆ ಮಲಗಿಕೊಂಡು ಬರಲು ಆಗುವ ದೋಣಿ ಆ ನೀರಿನಲ್ಲಿ ನಮ್ಮದೊಂದೇ ಇತ್ತು.

ಡ್ರೈವ್ ಬಿಚ್ಚಿ ಸೇಲಂನ ಲಾರಿ ಗೇರ್‌ಬಾಕ್ಸ್ ವರ್ಕ್‌ಶಾಪಿಗೆ ಕಳಿಸಿದೆವು. ಬದಲಿ ಗೇರು ಕೊಚ್ಚಿಯಿಂದ ಬರಬೇಕಿತ್ತು. ಬರುವ ವಾರ, ಬರುವ ವಾರ ಅನ್ನುತ್ತಲೇ ಇದ್ದರು. ಬೋಟು ದಡದಲ್ಲಿ ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಮೊದಲು ನೀರು ಅದರ ಹಿಂಭಾಗವನ್ನು ನೆಕ್ಕುತ್ತಿತ್ತು. ಆಮೇಲೆ ನಾಲ್ಕು ಮಾರು ಆಚೆ ಹೋಯಿತು. ಆಮೇಲೆ ಬಟ್ಟೆ ಒಗೆಯಲು ಹೋದರೆ ಬೋಟನ್ನು ಹಿಂದೆ ಬಿಟ್ಟು ಬಹಳ ದೂರ ನಡೆಯಬೇಕಾಯಿತು. ನಮ್ಮ ದಡ ತಟ್ಟೆಯ ಹಾಗೆ ಚಪ್ಪಟೆ. ನೀರು ಒಂದು ಅಡಿ ಇಳಿದರೆ ಅಂಚು ಓಡಿಹೋಗುತ್ತದೆ. ಅಕ್ಕನ ದಡ ಕಡಿದು, ಅಲ್ಲಿ ನೀರು ಎಷ್ಟು ಇಳಿದರೂ ಮೆಟ್ಟಿಲ ಹತ್ತಿರವೇ. ನೀರಿನ ಜೊತೆಗೇ ಬೋಟನ್ನೂ ಕೆಳಗೆ ತಳ್ಳುತ್ತಾ ಹೋಗಬಹುದಿತ್ತಲ್ಲ ಅಂತ ನಾನೇ ಕೇಳಿದ್ದೆ. ಮಾವ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು: ಡ್ರೈವ್ ಇದ್ದ ಕಡೆ ಹಿಂಬದಿಯ ಹಲಗೆಯಲ್ಲಿ ತೆಂಗಿನಕಾಯಿ ಹೋಗುವಷ್ಟು ತೂತು. ಡ್ರೈವ್ ಇಲ್ಲದೆ ನೀರಿಗಿಳಿಸಿದರೆ ಅದರೊಳಗಿಂದಲೇ ನೀರು ನುಗ್ಗಿ ಬೋಟು ಮುಳುಗುತ್ತದೆ. ನಾನು ಆ ತೂತಿಗೆ ಕಣ್ಣಿಟ್ಟು ನೋಡಿದೆ. ಒಳಗೆ ಹಲ್ಲಿಯೊಂದು ಮೊಟ್ಟೆ ಇಟ್ಟಿತ್ತು.

ನೀರು ಇಳಿದ ನೆಲವನ್ನು ನಮ್ಮಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ಅಣೆಕಟ್ಟು ಕಟ್ಟುವ ಮೊದಲು ಅಲ್ಲಿ ಊರುಗಳಿದ್ದವು, ಹೊಲಗಳಿದ್ದವು. ಮುಳುಗಿದ ಹೊಲ ಯಾರದ್ದು, ಬದು ಎಲ್ಲಿ, ಬೇವಿನ ಮರ ಎಲ್ಲಿತ್ತು ಅಂತ ಅಪ್ಪ ಮಗನಿಗೆ, ಮಗ ಅವನ ಮಗನಿಗೆ ಹೇಳಿಕೊಂಡು ಬಂದಿದ್ದಾರೆ. ಬೇಸಿಗೆಯಲ್ಲಿ ನೆಲ ಮೇಲೆ ಬಂದರೆ ಅವರವರ ಜಾಗಕ್ಕೆ ಅವರವರು ಹೋಗಿ ಕಡಲೆಕಾಯಿ, ಎಳ್ಳು ಬಿತ್ತುತ್ತಾರೆ. ಕಾಗದವಿಲ್ಲ, ಬೇಲಿಯಿಲ್ಲ. ಒಂದೊಂದು ಸಲ ಜಗಳ ಬರುತ್ತದೆ, ಆದರೆ ಅದು ಎಲ್ಲರ ಅಜ್ಜಂದಿರ ಹೆಸರೂ ಒಂದು ಸುತ್ತು ಬಂದು ಮುಗಿಯುತ್ತದೆ. ನಮ್ಮ ಬೋಟು ನಿಂತಿದ್ದು ಪಕ್ಕದ ಬೀದಿಯ ತಾತನ ಅಜ್ಜನ ಹೊಲದಲ್ಲಿ. ತಾತ ಬೋಟಿನ ಸುತ್ತ ನೇಗಿಲು ಬಳಸಿ ಉತ್ತು ಕಡಲೆಕಾಯಿ ಬಿತ್ತಿದರು. ಡ್ರೈವ್ ಬರುವ ಹೊತ್ತಿಗೆ ಗಿಡ ಹೂವು ಬಿಟ್ಟಿತ್ತು. ಹಸಿರಿನ ನಡುವೆ ನೀಲಿ ಬೋಟು. ಕಾಗೆಗಳಿಗೆ ಬೆದರುಬೊಂಬೆ ನಿಲ್ಲಿಸಿದ ಹಾಗಿತ್ತು.

ಜೋಡಿಸುವುದಕ್ಕೆ ಸೇಲಂನಿಂದ ಮೇಸ್ತ್ರಿ ಬಂದರು. ಹೊಟ್ಟೆ ಮುಂದಿದ್ದ, ಬಾಯಿ ಸುಮ್ಮನಿರದ ಮನುಷ್ಯ. ಎಲ್ಲಾ ತಮಿಳಿನಲ್ಲೇ. ತಾನು ಇಷ್ಟು ವರ್ಷ ಲಾರಿಗಳ ಅಡಿ ಮಲಗಿದ್ದೇನೆ, ಕಡಲೆಕಾಯಿ ಹೊಲದಲ್ಲಿ ಬೋಟಿನ ಅಡಿ ಮಲಗುತ್ತಿರುವುದು ಇದೇ ಮೊದಲು, ಮುಂದಿನ ಸಲ ವಿಮಾನಕ್ಕೆ ಭತ್ತದ ಗದ್ದೆಗೆ ಕರೆಯಿರಿ ಅಂದರು. ಮಾವ ನಗಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ಮಜ್ಜಿಗೆ ಲೋಟ ಮುಂದೆ ಹಿಡಿದೆ.

ಮೊದಲು ಹಲ್ಲಿಯ ಮೊಟ್ಟೆಗಳನ್ನು ತೆಗೆದೆ. ಆಮೇಲೆ ಮೇಸ್ತ್ರಿ ಆ ತೂತಿನೊಳಕ್ಕೆ ಲೇತಿನಲ್ಲಿ ಕಡೆಸಿಕೊಂಡು ಬಂದಿದ್ದ ಉದ್ದನೆಯ ಸರಳೊಂದನ್ನು ತೂರಿಸಿದರು. ಇಂಜಿನ್ ಮತ್ತು ಡ್ರೈವ್ ಒಂದೇ ಗೆರೆಯಲ್ಲಿದ್ದರೆ ಸರಳು ಎರಡು ಬೆರಳಿನಲ್ಲಿ ತಳ್ಳಿದರೂ ಒಳಗೆ ಹೋಗಿ ಹೊರಗೆ ಬರಬೇಕಂತೆ. ಅದು ಅರ್ಧಕ್ಕೆ ಕಚ್ಚಿಕೊಂಡಿತು. ಮಾವ ಒಳಗೆ ಇಂಜಿನಿನ ಮುಂದಿನ ಕಾಲಿನ ನಟ್ಟನ್ನು ಒಂದು ಚೂರು ಎತ್ತುವರು, ಮೇಸ್ತ್ರಿ ಹೊರಗೆ ಸರಳು ತಳ್ಳಿ ನೋಡುವರು, ಇಲ್ಲ ಅನ್ನುವರು. ಮತ್ತೆ ಒಂದು ಚೂರು ಇಳಿಸುವರು. ಹೀಗೇ ಬೆಳಗಿನ ಹೊತ್ತೆಲ್ಲ ಹೋಯಿತು. ಕೊನೆಗೆ ಸರಳು ಎಣ್ಣೆ ಹಚ್ಚಿದ ಬಳೆ ಕೈಗಿಳಿದ ಹಾಗೆ ಸರ್ರನೆ ಹೋಯಿತು. ಮಾವ ತಾವೇ ಬಂದು ಎರಡು ಬೆರಳಿನಲ್ಲಿ ಅದನ್ನು ಹೊರಗೆ ತೆಗೆದರು, ಮತ್ತೆ ಹಾಕಿದರು, ಮತ್ತೆ ತೆಗೆದರು. ಸಾಕು ಮಾವ ಅಂತ ನಾನೇ ಹೇಳಬೇಕಾಯಿತು.

ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಒಂದು ರಬ್ಬರು ಅಲ್ಲಿ ನೀರು ಒಳಗೆ ಬರದ ಹಾಗೆ ತಡೆಯುತ್ತದೆ. ಅದನ್ನು ಹೊಸದು ಹಾಕಿದ್ದರು. ಪ್ರತಿ ಮಡಿಕೆಯನ್ನೂ ಬಿಡಿಸಿ ಬಿರುಕಿದೆಯೇ ನೋಡು ಅಂತ ಮಾವ ಅದನ್ನು ನನಗೆ ವಹಿಸಿದರು. ಕಾನ್ವೆಂಟಿನಲ್ಲಿ ಕಸೂತಿ ಟೀಚರು ಬಟ್ಟೆಯನ್ನು ಬೆಳಕಿಗೆ ಹಿಡಿದು ಬಿಟ್ಟುಹೋದ ಹೊಲಿಗೆ ಹುಡುಕಿಸುತ್ತಿದ್ದರು, ಹಾಗೇ ನೋಡಿದೆ. ಒಂದೂ ಬಿರುಕಿರಲಿಲ್ಲ. ಬೆರಳಿಗೆ ಹತ್ತಿದ ಕಪ್ಪು ಮಾತ್ರ ಸೀಗೆಪುಡಿಗೂ ಹೋಗಲಿಲ್ಲ. ಆ ವಾರವೆಲ್ಲ ಹಿಟ್ಟು ಕಲಸುವಾಗ ನನ್ನ ಬೆರಳು ಬೇರೆ ಯಾರದ್ದೋ ಹಾಗೆ ಕಾಣುತ್ತಿತ್ತು.

ಸವುಕುಮರದ ಮೂರು ಕಂಬ ನಿಲ್ಲಿಸಿ, ಸರಪಳಿಯಲ್ಲಿ ಡ್ರೈವನ್ನು ಎತ್ತಿ ತೂಗುಬಿಟ್ಟರು. ಮುಂದಕ್ಕೆ ಚಾಚಿದ್ದ ಅದರ ಶಾಫ್ಟಿನ ತುದಿಯ ಹಲ್ಲುಗಳಿಗೆ ಮಾವ ಗ್ರೀಸು ತುಂಬಿದರು. ಆ ಹಲ್ಲು ಇಂಜಿನ್ ಕಡೆಯ ಹಲ್ಲಿನ ಸಂದಿಗೆ ಸರಿಯಾಗಿ ಸೇರಬೇಕು. ಇಬ್ಬರೂ ಎರಡು ಕಡೆಯಿಂದ ತಳ್ಳಿದರು. ಸೇರಲಿಲ್ಲ. ಮೇಸ್ತ್ರಿ ಸುತ್ತಿಗೆಗೆ ಕೈ ಹಾಕಿದರು. ಮಾವ ಅವರ ಕೈ ಹಿಡಿದು, "ಒಡೀಬೇಡ್ರಿ. ಚಿನ್ನಪಾಪ, ನೀನು ಬಾ. ಆ ರೆಕ್ಕೆ ಇಡ್ಕೊಂಡು ಮೆಲ್ಲಗೆ ತಿರುಗ್ಸು. ನೂಲು ಪೋಣಿಸ್ದಂಗೆ" ಅಂದರು.

ನಾನು ಮಣ್ಣಿನಲ್ಲಿ ಮಂಡಿಯೂರಿ ಕೂತು ಎರಡೂ ಕೈಯಲ್ಲಿ ಪ್ರೊಪೆಲ್ಲರ್ ಹಿಡಿದೆ. ಮುಂದಕ್ಕೆ ಹೋಗುವ ಗೇರಿಗೆ ಹಾಕಿದ್ದರಿಂದ ರೆಕ್ಕೆ ತಿರುಗಿಸಿದರೆ ಒಳಗಿನ ಶಾಫ್ಟೂ ತಿರುಗುತ್ತಿತ್ತು. ಮಾವನ ಮುಖ ನನ್ನ ತಲೆಯ ಮೇಲೇ ಇತ್ತು. ಬೆವರು ನನ್ನ ಕತ್ತಿನ ಹಿಂದೆ ಬಿತ್ತು. ಒಂದು ಕೂದಲೆಳೆಯಷ್ಟು ತಿರುಗಿಸಿದೆ. ಇನ್ನೊಂದು. ಒಳಗೆಲ್ಲೋ ಬಾಗಿಲ ಚಿಲಕ ಬಿದ್ದ ಸಣ್ಣ ಸದ್ದಾಯಿತು. ಇಡೀ ಡ್ರೈವ್ ತಾನೇ ಮುಂದಕ್ಕೆ ಜಾರಿ ಹಲಗೆಗೆ ಬಂದು ಕೂತಿತು. ಮೇಸ್ತ್ರಿ ಬಾಯಿ ಮುಚ್ಚಿದ್ದು ಆ ದಿನದಲ್ಲಿ ಅದೊಂದೇ ಸಲ. ಆರು ನಟ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತಾ ಬಂದರು, ಒಂದನ್ನೇ ಪೂರ್ತಿ ಬಿಗಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ ಅಂತ.

ಇಂಜಿನ್ ನಡೆಸಿ ನೋಡಬೇಕಿತ್ತು. ನೀರಿಲ್ಲದೆ ಓಡಿಸಿದರೆ ಕಾದುಹೋಗುತ್ತದೆ. ಮನೆಯಿಂದ ನೀಲಿ ಡ್ರಮ್ಮು ತಂದು ಡ್ರೈವಿನ ಕೆಳಭಾಗ ಅದರೊಳಗೆ ಇಳಿಯುವ ಹಾಗೆ ಇಟ್ಟು, ಬೀದಿಯ ಹೆಂಗಸರೆಲ್ಲ ನೀರಿನ ಅಂಚಿನಿಂದ ಕೊಡಗಳಲ್ಲಿ ಹೊತ್ತು ತಂದು ತುಂಬಿದರು. ಮಾವ ನಟ್ಟುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಹಚ್ಚಿ ಕೈಮುಗಿದರು. ಕೀಲಿ ತಿರುಗಿಸಿದ ಕೂಡಲೇ ಹಿಡಿಯಿತು. ಡ್ರಮ್ಮಿನೊಳಗೆ ಪ್ರೊಪೆಲ್ಲರ್ ಗಿರ್ರನೆ ಸುತ್ತಿ ನೀರು ಮೊಸರು ಕಡೆದ ಹಾಗೆ ಮೇಲೆದ್ದು ಸುತ್ತಲಿನ ಕಡಲೆಕಾಯಿ ಗಿಡಗಳ ಮೇಲೆಲ್ಲ ಎರಚಿತು. ತಾತ ಸಂತೋಷದಿಂದ, ನನ್ನ ಹೊಲಕ್ಕೆ ಇಂಜಿನ್ ಹಾಕಿ ನೀರು ಕಟ್ಟಿದವರು ನೀವೇ ಮೊದಲು ಅಂದರು. ಎಲ್ಲರೂ ನಕ್ಕರು. ಮಾವನೂ ನಕ್ಕರು. ನಾನು ವಿಡಿಯೋ ಕಾಲ್ ಮಾಡಿ ಅಕ್ಕನಿಗೆ ತೋರಿಸಿದೆ. ಅವಳ ಮುಖ ಸಣ್ಣದಾಗಿತ್ತು, ಮೂಗುಬೊಟ್ಟು ಮಾತ್ರ ದೊಡ್ಡದಾಗಿ ಕಂಡಿತು. ಸದ್ದು ಕೇಳಿಸು ಅಂದಳು. ಫೋನನ್ನು ಇಂಜಿನ್ ಹತ್ತಿರ ಹಿಡಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

ಇನ್ನು ಉಳಿದದ್ದು ಬೋಟನ್ನು ನೀರಿಗೆ ತಲುಪಿಸುವುದು. ಡ್ರೈವಿನ ಬಾಲವನ್ನು ಮೇಲಕ್ಕೆತ್ತಿ ಹಗ್ಗದಲ್ಲಿ ಕಟ್ಟಿದರೆ ದಿಮ್ಮಿಗಳ ಮೇಲೆ ಎಳೆಯಬಹುದು. ಆದರೆ ನೀರಿನವರೆಗಿನ ನೆಲ ಮೇಲೆ ಬಿಸ್ಕತ್ತಿನ ಹಾಗೆ ಒಣಗಿ ಬಿರಿದಿದ್ದರೂ ಒಳಗೆ ಕೆಸರು. ಮನುಷ್ಯರನ್ನು ಹೊರುತ್ತದೆ, ಟ್ರ್ಯಾಕ್ಟರನ್ನು ಹೊರುವುದು ಅನುಮಾನ. ಆಗ ತಾತ ಹಳೇ ರಸ್ತೆಯ ಮಾತು ತೆಗೆದರು. ಮುಳುಗಿದ ಊರಿಗೆ ಒಂದು ಕಲ್ಲು ಹಾಸಿದ ಗಾಡಿರಸ್ತೆ ಇತ್ತು, ತನ್ನ ಹೊಲದ ಬದುವಿನಿಂದಲೇ ಹೊರಟು ನೆಟ್ಟಗೆ ನಂದಿಯ ಕಡೆ ಹೋಗುತ್ತಿತ್ತು. ನೀರು ತುಂಬ ಇಳಿದಾಗ ಮುಳುಗಿದ ಗುಡಿಯ ಕಲ್ಲಿನ ನಂದಿ ದೂರದಲ್ಲಿ ಕಾಣುತ್ತದೆ, ಆ ಹೊತ್ತಿಗೆ ಅದರ ಕೊರಳವರೆಗೂ ಕಾಣುತ್ತಿತ್ತು. ರಸ್ತೆಯ ಮೇಲೆ ಬರೀ ಮೊಣಕಾಲುದ್ದ ಹೂಳು, ಅಡಿಯಲ್ಲಿ ಕಲ್ಲು ಹಾಗೇ ಇದೆ ಅಂದರು. ತಾತನ ಅಜ್ಜ ತಮ್ಮ ಮಗನನ್ನು, ಅಂದರೆ ತಾತನ ಅಪ್ಪನನ್ನು, ಎತ್ತಿನ ಗಾಡಿಯಲ್ಲಿ ಆ ರಸ್ತೆಯಲ್ಲಿ ಕರೆದುಕೊಂಡು ಹೋಗುತ್ತಿದ್ದರಂತೆ. ತಾತ ಅದನ್ನು ಒಂದು ದಿನವೂ ಕಣ್ಣಾರೆ ನೋಡಿರಲಿಲ್ಲ. ನೋಡಿದ್ದೀರಾ ಅಂತ ಯಾರೂ ಕೇಳಲಿಲ್ಲ, ನಮ್ಮೂರಿನಲ್ಲಿ ಯಾರೂ ಕೇಳುವುದೂ ಇಲ್ಲ. ಆ ಹೊಲಗಳ ಬದುಗಳೆಲ್ಲ ಹಾಗೆ ಕೇಳಿದ ಮಾತಿನ ಮೇಲೇ ನಿಂತಿರುವಾಗ ರಸ್ತೆ ಮಾತ್ರ ಹೇಗೆ ತಪ್ಪೀತು?

ಮಾವ ಕಬ್ಬಿಣದ ಸರಳು ಚುಚ್ಚಿ ನೋಡಿದರು. ಮೊಣಕಾಲುದ್ದ ಹೋಗಿ ಠಣ್ ಅಂತ ಕಲ್ಲಿಗೆ ತಾಗಿತು. ಹತ್ತು ಹೆಜ್ಜೆ ಮುಂದೆ ಚುಚ್ಚಿದರು, ಅಲ್ಲೂ ಠಣ್. ಅವರ ಮುಖ ಆಗ ಹೇಗೆ ಬೆಳಗಿತು ಅಂದರೆ, ನನಗೆ ಅದನ್ನು ನೋಡಲು ಒಂಥರಾ ಹೆದರಿಕೆಯಾಯಿತು.

ಮಾರನೇ ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ಹೂವು ಬಿಟ್ಟ ಗಿಡಗಳ ಮೇಲೆ ಹೋಗಬೇಕಲ್ಲ ಅಂತ ಮಾವ ತಾತನ ಮುಂದೆ ಕೈ ಹಿಸುಕಿಕೊಂಡರು. ತಾತ ತಾವೇ ಬಗ್ಗಿ ಮೊದಲ ಸಾಲಿನ ಗಿಡ ಕಿತ್ತು ಎಮ್ಮೆಗೆ ಅಂತ ನನ್ನ ಬುಟ್ಟಿಗೆ ಹಾಕಿ, "ಎಣ್ಣು ಮಗು ತವರಿಗೆ ಬತ್ತೀನಿ ಅಂದೈತೆ. ಕಡ್ಲೆಕಾಯಿ ಮುಂದಿನ ವರ್ಸ ಬತ್ತದೆ" ಅಂದರು. ಆಮೇಲೆ ಟವೆಲನ್ನು ತಲೆಗೆ ಸುತ್ತಿಕೊಂಡು ಟ್ರ್ಯಾಕ್ಟರಿನ ಮುಂದೆ ನಡೆದರು, ದೇವರ ಮೆರವಣಿಗೆಗೆ ದಾರಿ ಬಿಡಿಸುವವರ ಹಾಗೆ ಕೈಬೀಸುತ್ತಾ, ಬಲಕ್ಕೆ, ಎಡಕ್ಕೆ, ಇಲ್ಲಿ ತಿರುವು ಇತ್ತು, ಇಲ್ಲಿ ಹುಣಸೆಮರ ಇತ್ತು.

ರಸ್ತೆ ನಿಜವಾಗಿಯೂ ಇತ್ತು. ಅದನ್ನು ನಾನು ಬರೆಯಲೇಬೇಕು. ಟ್ರ್ಯಾಕ್ಟರಿನ ಚಕ್ರ ಮೊಣಕಾಲುದ್ದ ಇಳಿದು ಅಲ್ಲಿಗೆ ನಿಂತು ಗಟ್ಟಿಯಾಗಿ ಉರುಳುತ್ತಿತ್ತು. ಬೋಟು ದಿಮ್ಮಿಗಳ ಮೇಲೆ ಕಿರುಗುಟ್ಟುತ್ತಾ ಬರುತ್ತಿತ್ತು. ನಾನು ಹಿಂದೆ ಹಾಸಿಗೆ ಹೊತ್ತುಕೊಂಡು ಬರುತ್ತಿದ್ದೆ. ನೀರಿಗಿಳಿದ ತಕ್ಷಣ ಹಾಸಿ ಹೊರಟುಬಿಡಬೇಕು ಅಂತ. ನೀರಿನ ವಾಸನೆ ಬರುವಷ್ಟು ಹತ್ತಿರವಾಗಿದ್ದೆವು. ಆಚೆ ದಡದಲ್ಲಿ ಬಾವನ ಬಿಳಿ ಪಂಚೆ ಚುಕ್ಕಿಯ ಹಾಗೆ ಕಾಣುತ್ತಿತ್ತು. ಅಲ್ಲಿ ಟ್ರ್ಯಾಕ್ಟರಿನ ಬಲಗಡೆ ಹಿಂದಿನ ಚಕ್ರ ಸದ್ದಿಲ್ಲದೆ ಇಳಿಯಿತು. ಡ್ರೈವರ್ ಆಕ್ಸಿಲರೇಟರ್ ಒತ್ತಿದ ಹಾಗೆಲ್ಲ ಇನ್ನೂ ಇಳಿಯಿತು. ಹೊಟ್ಟೆಯವರೆಗೂ ಕೂತಿತು. ಅಲ್ಲೊಂದು ಕುಂಟೆ ಇತ್ತೋ, ದನಕ್ಕೆ ನೀರು ಕುಡಿಸುವ ಹೊಂಡವಿತ್ತೋ, ರಸ್ತೆಯ ಕಲ್ಲನ್ನು ಮನೆ ಬಿಡುವಾಗ ಯಾರಾದರೂ ಕಿತ್ತುಕೊಂಡು ಹೋಗಿದ್ದರೋ. ತಾತನ ಅಜ್ಜ ಅದನ್ನು ಹೇಳಿರಲಿಲ್ಲ. ತಾತ ಹೊಂಡದ ಅಂಚಿನಲ್ಲಿ ನಿಂತು, ಇಲ್ಲೇ, ಇಲ್ಲೇ ಹೋಗಬೇಕಲ್ಲ, ಅಂತ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಇನ್ನೊಂದು ಟ್ರ್ಯಾಕ್ಟರ್ ತರಿಸಿ ಮೊದಲನೆಯದನ್ನು ಹಿಂದಕ್ಕೆ ಎಳೆಯುವಷ್ಟರಲ್ಲಿ ಸಾಯಂಕಾಲವಾಯಿತು. ಬೋಟನ್ನು ಮತ್ತೆ ಎಳೆಯಲು ಯಾವ ಟ್ರ್ಯಾಕ್ಟರಿನವರೂ ಒಪ್ಪಲಿಲ್ಲ. ಕೈಯಲ್ಲಿ ತಳ್ಳೋಣ ಅಂತ ಊರವರು ಬಂದರು. ಕಾಲೂರಿದರೆ ಕಾಲೇ ಹೂತುಹೋಗುತ್ತಿತ್ತು. ಮುಂದೆ ಕೆಸರು, ಹಿಂದೆ ನಾವೇ ಉತ್ತು ಹಾಳುಮಾಡಿದ ರಸ್ತೆ. ಮಾವ ಡ್ರೈವನ್ನು ಕಟ್ಟಿದ್ದ ಹಗ್ಗ ಸಡಿಲವಾಗಿದೆಯೇ ಅಂತ ನೋಡಿದರು, ಅದು ಇನ್ನೂ ಬಿಗಿಯಾಗಿಯೇ ಇತ್ತು. ಹೊಸ ರಬ್ಬರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆರು ನಟ್ಟಿನ ಕುಂಕುಮವೂ ಹಾಗೇ ಇತ್ತು.

ಅಕ್ಕನಿಗೆ ಹೇಗೆ ಹೇಳುವುದು ಅಂತ ನಾನು ಮಾತು ಹೊಂದಿಸುತ್ತಿದ್ದೆ. ಅಷ್ಟರಲ್ಲಿ ಅವಳೇ ಫೋನ್ ಮಾಡಿದಳು. ಬಾವ ಎಲ್ಲಾ ನೋಡಿ ಹೇಳಿದ್ದರು. ಮಾವನ ಕೈಗೆ ಕೊಡು ಅಂದಳು. ಅವರು ಕೆಸರು ಕೈಯಲ್ಲೇ ತಗೊಂಡರು. ನಾನು ಪಕ್ಕದಲ್ಲೇ ಇದ್ದೆ, ಪ್ರತಿ ಮಾತೂ ಕೇಳಿಸಿತು.

"ಮಾವ, ಅಳ್ತಾ ಇದ್ದೀಯಾ?"

"ಇಲ್ಲ ದೊಡ್ಡಪಾಪ. ಬೆವರು."

"ಬುಡು ಮಾವ. ನಾನು ಸಣ್ಣೋಳಿದ್ದಾಗ ನೀನು ನನ್ನ ಎಗಲ ಮ್ಯಾಲೆ ಕೂರಿಸ್ಕೊಂಡು ಓಗಿ ನೀರು ಎಲ್ಲಿಗಂಟ ಬಂದೈತೆ ನೋಡು ಅಂತಿದ್ದೆ. ಈಗ್ಲೂ ಅಂಗೇ ಅಂತ ತಿಳ್ಕೊ. ನೀರು ಬಂದಾಗ ನಂಗೆ ಏಳು, ಬತ್ತೀನಿ."

ಆಮೇಲೆ ನನ್ನನ್ನು ಕೇಳಿದಳು: ಒಲೆಯ ಹಿಂದಿನ ಗೋಡೆಗೆ ಸುಣ್ಣ ಹೊಡೆಸಿದ್ದೀಯಾ? ಹೊಡೆಸಿದ್ದೆ. ಬೇಡವಾಗಿತ್ತು ಅಂದಳು. ಅವ್ವನ ತಲೆಯ ಎಣ್ಣೆಯ ಕಲೆ ಅಲ್ಲಿತ್ತು, ಅದಕ್ಕೇ ತಲೆ ಇಡಬೇಕು ಅಂದುಕೊಂಡಿದ್ದೆ ಕಣ್ಣು ಅಂದಳು. ನಮ್ಮ ಕಡೆ ಪ್ರೀತಿಯವರನ್ನು ಕಣ್ಣು ಅಂತಲೇ ಕರೆಯುತ್ತಾರೆ. ಆ ಕಲೆಯ ಮೇಲೆ ಸುಣ್ಣ ಎರಡು ಸಲ ಹೊಡೆಸಬೇಕಾಗಿ ಬಂದಿತ್ತು, ಅಷ್ಟು ಎಣ್ಣೆ.

ಆಮೇಲಿನ ದಿನಗಳಲ್ಲಿ ಮಾವ ಬೆಳಿಗ್ಗೆ ಎದ್ದು ನೀರಿನ ಕಡೆ ನೋಡುವರು. ನೀರು ಇನ್ನೂ ಇಳಿಯುತ್ತಲೇ ಇತ್ತು. ನಂದಿಯ ಬೆನ್ನು ಕಂಡಿತು, ಆಮೇಲೆ ಪೀಠ. ಮೇಲೆ ಕರ್ನಾಟಕದಲ್ಲಿ ಮಳೆಯಾದ ಸುದ್ದಿ ಟೀವಿಯಲ್ಲಿ ಬಂದರೆ ಚಾನೆಲ್ ಬದಲಿಸಲು ಯಾರಿಗೂ ಬಿಡುತ್ತಿರಲಿಲ್ಲ. ವಾರಕ್ಕೊಮ್ಮೆ ನಡೆದುಕೊಂಡು ಬೋಟಿನ ಹತ್ತಿರ ಹೋಗಿ, ಡ್ರೈವಿನ ಗ್ರೀಸು ನೋಡಿ, ಪ್ರೊಪೆಲ್ಲರನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಬರುತ್ತಿದ್ದರು. ನಾನು ಹರಿಗೋಲಿನಲ್ಲಿ ಆಗಾಗ ಹೋಗಿ ಅಕ್ಕನನ್ನು ನೋಡಿ ಬರುತ್ತಿದ್ದೆ. ಹೋದಾಗಲೆಲ್ಲ ಅವಳು ನೀರಿನ ಮಾತೇ ಎತ್ತಲಿಲ್ಲ. ಕುರಿ ಮರಿ ಹಾಕಿದ್ದು, ಬಾವ ಗಂಜಿಗೆ ಉಪ್ಪು ಜಾಸ್ತಿ ಹಾಕುವುದು, ಇದನ್ನೇ ಹೇಳುತ್ತಿದ್ದಳು. ಕೊನೆಯ ಸಲ ನನ್ನ ಬೆರಳು ಹಿಡಿದು ನೋಡಿ, ಕಪ್ಪು ಹೋಯಿತಾ ಅಂದಳು.

ಅವಳು ಹೋದದ್ದು ಆಡಿ ತಿಂಗಳು, ಅಂದರೆ ಆಷಾಢ, ಹುಟ್ಟುವ ಮೊದಲು, ಒಂದು ಮಧ್ಯಾಹ್ನ, ಬಾವ ಕುರಿಗೆ ನೀರಿಡಲು ಎದ್ದು ಹೊರಗೆ ಹೋಗಿ ಬರುವಷ್ಟರಲ್ಲಿ. ಗಂಡನ ಊರಿನ ಮಣ್ಣಿಗೇ ಸೇರಿಸಿದರು, ಅದು ಹಾಗೇ ಆಗಬೇಕು. ನಾನು ಹೊಲಿದ ಹಾಸಿಗೆಯನ್ನು ಅಲ್ಲಿಗೇ ತೆಗೆದುಕೊಂಡು ಹೋಗಿ ಅವಳ ಅಡಿಗೆ ಹಾಸಿದೆ. ಕಟ್ಟುದಾರಗಳು ಎರಡೂ ಕಡೆ ನೇತಾಡುತ್ತಿದ್ದವು, ಕಟ್ಟುವುದಕ್ಕೆ ಏನೂ ಇರಲಿಲ್ಲ.

ನೀರು ಬಂತು. ಪ್ರತಿ ವರ್ಷ ಬರುವ ಹಾಗೆ ಕೆಂಪಾಗಿ, ಕಸಕಡ್ಡಿ ಹೊತ್ತುಕೊಂಡು ಬಂತು. ನಾವು ಎಳೆದು ಅರ್ಧಕ್ಕೆ ಬಿಟ್ಟಿದ್ದರಿಂದ ಬೋಟು ತಾತನ ಹೊಲದಲ್ಲೇ ಇದ್ದಿದ್ದರೆ ಸಿಗುವುದಕ್ಕಿಂತ ಮುಂಚೆಯೇ ನೀರಿಗೆ ಸಿಕ್ಕಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ದಿಮ್ಮಿಗಳಿಂದ ತಾನೇ ಎದ್ದು ಹಗ್ಗದಲ್ಲಿ ಓಲಾಡುತ್ತಿತ್ತು. ಮಾವ ಸೊಂಟದುದ್ದ ನೀರಿನಲ್ಲಿ ನಡೆದು ಹೋಗಿ ಒಳಗೆ ಹತ್ತಿ, ಇಂಜಿನ್ ಪೆಟ್ಟಿಗೆ ತೆಗೆದು, ತಳಕ್ಕೆ ಕೈ ಹಾಕಿ ಒರೆಸಿ ಅಂಗೈ ನೋಡಿಕೊಂಡರು. ಒಣಗಿತ್ತು. ಒಂದು ಹನಿಯೂ ಒಳಗೆ ಬಂದಿರಲಿಲ್ಲ. ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಹಿಡಿಯಿತು. ಇಷ್ಟು ಚೆನ್ನಾಗಿ ಆ ಬೋಟು ಯಾವತ್ತೂ ಓಡಿರಲಿಲ್ಲ ಅಂತ ಈಗ ಎಲ್ಲರೂ ಹೇಳುತ್ತಾರೆ. ಮಾವ ಹೌದು ಅನ್ನುತ್ತಾರೆ.

ಸೀಟಿನ ಮೇಲೆ ಹೊಡೆದ ಅಡ್ಡ ಹಲಗೆಗಳನ್ನು ಅವರು ಕೀಳಲಿಲ್ಲ. ಜನ ಅದರ ಮೇಲೆ ಮೊಸರಿನ ಕ್ಯಾನು, ಗೊಬ್ಬರದ ಚೀಲ, ಮೇಕೆಮರಿ ಇಡುತ್ತಾರೆ. ಮೊನ್ನೆ ನಾನು ಬಾವನಿಗೆ ಸಾರಿನ ಪುಡಿ ಕೊಡಲು ಆಚೆ ದಡಕ್ಕೆ ಹೋಗುವಾಗ ತಾತನೂ ಬಂದರು. ಹಲಗೆಯ ತುದಿಯಲ್ಲಿ ಕೂತು ನೀರು ನೋಡುತ್ತಿದ್ದವರು ಟ್ರ್ಯಾಕ್ಟರ್ ಹೂತುಕೊಂಡಿದ್ದ ಜಾಗಕ್ಕೆ ಬಂದಾಗ ಬಗ್ಗಿ ಬೆರಳು ತೋರಿಸಿ, "ರಸ್ತೆ ಇದರ ಅಡಿಗೇ ಐತೆ" ಅಂದರು. ಇಂಜಿನ್ ಸದ್ದಿನಲ್ಲಿ ಮಾವನಿಗೆ ಅದು ಕೇಳಿಸಿತೋ ಇಲ್ಲವೋ. ಅಲ್ಲಿ ಏನೂ ಅಡ್ಡವಿಲ್ಲದಿದ್ದರೂ, ಪ್ರತಿ ಸಲ ಮಾಡುವ ಹಾಗೆ, ಅವರು ಬೋಟನ್ನು ನಿಧಾನ ಮಾಡಿದರು.